‘ಇದ್ದನು’ ಮತ್ತು ‘ಇದ್ದನಂತೆ’: ಬೋಧಕನ ಕಿರುಗಥೆಗಳ ಚರಿತ್ರೆಯಿಂದ ಮೂರು ವಾಚನಗಳು

ಹಲವು ವರ್ಷಗಳ ಹಿಂದೆ ಅಫಜಲಪುರ ತಾಲ್ಲೂಕಿನ ಭೀಮಾತೀರದ ಒಂದು ಹಳ್ಳಿಯಲ್ಲಿ ಭಾನುವಾರದ ಬಲಿಪೂಜೆಯನ್ನು ಅರ್ಪಿಸಲು ಹೋಗಿದ್ದೆ. ತೊಗರಿಯ ರಾಶಿ ಮುಗಿದು ಊರು ಸ್ವಲ್ಪ ಬಿಡುವಾಗಿದ್ದ ಫೆಬ್ರುವರಿ ತಿಂಗಳು. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕೋಪವನ್ನು ಕುರಿತು ಬೋಧಿಸುವ ಭಾಗ ಅಂದಿನ ವಾಚನವಾಗಿತ್ತು. ಪ್ರಬೋಧನೆಗೆ ನಾನೊಂದು ಕಥೆಯನ್ನು ಆರಿಸಿಕೊಂಡಿದ್ದೆ. ಫ್ರಾನ್ಸ್ ದೇಶದಲ್ಲಿ ಒಬ್ಬ ಪ್ರಭು ಇದ್ದನು. ಅವನ ಮನೆಯಲ್ಲಿ ಒಂದು ಬೇಟೆನಾಯಿ ಇತ್ತು. ತೊಟ್ಟಿಲ ಕೂಸಿನ ಬಳಿಗೆ ಹರಿದುಬಂದ ಹಾವನ್ನು ಅದು ಕೊಂದಿತು. ನಾಯಿಯ ಬಾಯಲ್ಲಿ ರಕ್ತವನ್ನು ಕಂಡ ಪ್ರಭು, ಕೂಸನ್ನೇ ತಿಂದಿತೆಂದು ಕೋಪಗೊಂಡು ಅದನ್ನು ಕೊಂದನು. ಆಮೇಲೆ ಸತ್ತ ಹಾವನ್ನೂ ನಿದ್ರಿಸುತ್ತಿದ್ದ ಕೂಸನ್ನೂ ಕಂಡು ಅತ್ತನು. ಇದು ನಿಜವಾಗಿ ನಡೆದದ್ದು ಎಂದೂ ಸೇರಿಸಿದೆ. ಗುರುಮಠದಲ್ಲಿದ್ದಾಗ ಊಟದ ಹೊತ್ತಿನಲ್ಲಿ ಓದುತ್ತಿದ್ದ ಕಿರುವಾಚನಗಳ ಪುಸ್ತಕವೊಂದರಲ್ಲಿ ಅದನ್ನು ಕೇಳಿದ್ದೆ. ಅಲ್ಲಿ ಹಾಗೆಯೇ ಇತ್ತೆಂಬುದು ನನ್ನ ನೆನಪು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಬ್ಬ ವೃದ್ಧೆ ಬಳಿಗೆ ಬಂದರು. “ಫಾದರ್, ಇದು ಮುಂಗಸಿ ಕಥಿ ಅಲ್ಲೇನ್ರಿ? ಮುಂಗಸಿ ಯಾವಾಗ ನಾಯಿ ಆಯ್ತ್ರಿ?” ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನನಗೆ ಉತ್ತರ ಹೊಳೆಯದೆ ನಕ್ಕೆ. ಅವರೇ ಮುಂದುವರಿಸಿದರು: “ನಮ್ಮವ್ವ ‘ಇದ್ಳಂತ, ಹೋದ್ಳಂತ’ ಅಂತ ಹೇಳ್ತಿದ್ಳ್ರಿ. ನೀವು ‘ಇದ್ದ, ಹೋದ’ ಅಂದ್ರಿ. ಅದಕ್ಕ ನಾ ಖರೇನೇ ಅನ್ಕೊಂಡೆ.” ಪಕ್ಕದಲ್ಲಿ ಅವರ ಮೊಮ್ಮಗ ನಿಂತಿದ್ದ, ಕಲಬುರಗಿಯ ಕಾಲೇಜೊಂದರಲ್ಲಿ ಓದುತ್ತಿದ್ದ ಹುಡುಗ. ಅವನು ಇನ್ನೂ ಮೆಲ್ಲಗೆ ಕೇಳಿದ: “ಹಂಗಾದ್ರ ಯೇಸುಸ್ವಾಮಿ ಎದ್ದು ಬಂದದ್ದೂ ಹಿಂಗೇ ಏನ್ರಿ ಫಾದರ್?”

ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ದೊರೆತ ಕೆಲವು ಸಂಗತಿಗಳನ್ನು ಈ ಲೇಖನದಲ್ಲಿ ಮುಂದಿಡುತ್ತೇನೆ. ಇತಿಹಾಸ, ಐತಿಹ್ಯ, ಪ್ರಾಚೀನ ಸಾಹಿತ್ಯ ಈ ಮೂರರಿಂದಲೂ ಆಯ್ದ ಕಿರುವಾಚನಗಳು ಬೋಧಕನ ಜೋಳಿಗೆಯಲ್ಲಿ ಸದಾ ಇರುತ್ತವೆ. ಮೂರನ್ನೂ ಒಂದೇ ದನಿಯಲ್ಲಿ ಹೇಳಿದಾಗ ಏನಾಗುತ್ತದೆಂಬುದನ್ನು, ನಿಷ್ಠೆಯ ಪ್ರಾಣಿಯನ್ನೇ ಕುರಿತ ಮೂರು ವಾಚನಗಳ ಮೂಲಕ ನೋಡೋಣ.

ಮೊದಲನೆಯ ವಾಚನ: ಮುಂಗುಸಿ

ವೃದ್ಧೆಯ ಮಾತು ಸರಿಯಾಗಿತ್ತು. ಕಥೆಯ ಮೂಲ ನಮ್ಮ ಪಂಚತಂತ್ರ. ಬ್ರಾಹ್ಮಣ ದಂಪತಿಗಳು ಮನೆಯಲ್ಲಿ ಮಗುವಿನೊಡನೆ ಒಂದು ಮುಂಗುಸಿಯನ್ನೂ ಸಾಕಿದ್ದರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ತೊಟ್ಟಿಲಿನತ್ತ ಬಂದ ಹಾವನ್ನು ಮುಂಗುಸಿ ತುಂಡರಿಸಿತು. ರಕ್ತಸಿಕ್ತವಾದ ಮೋರೆಯೊಡನೆ ಬಾಗಿಲಿಗೆ ಓಡಿಬಂದ ಅದನ್ನು ಕಂಡು ತಾಯಿ ಕೈಯಲ್ಲಿದ್ದ ಕೊಡವನ್ನೇ ಅದರ ಮೇಲೆ ಎತ್ತಿಹಾಕಿದಳು. ವಿಚಾರಿಸದೆ ಮಾಡಿದ ಕಾರ್ಯದ ಫಲವೇನೆಂಬುದನ್ನು ಕಲಿಸುವುದಕ್ಕಾಗಿ ಈ ಕಥೆಯನ್ನು ಹೇಳಲಾಗಿದೆ. ಇದು ಯಾವ ಊರಿನಲ್ಲಿ, ಯಾವ ಅರಸನ ಕಾಲದಲ್ಲಿ ನಡೆಯಿತೆಂದು ಕೇಳುವ ಓದುಗನಿಲ್ಲ. ನರಿಗಳೂ ಎತ್ತುಗಳೂ ಮಾತನಾಡುವ ಗ್ರಂಥದಲ್ಲಿ ಅದು ಬರುತ್ತದೆ. ತಾನು ಕಥೆಯೆಂಬುದನ್ನು ಆ ಗ್ರಂಥ ಎಲ್ಲಿಯೂ ಮರೆಮಾಚುವುದಿಲ್ಲ.

ಕನ್ನಡಕ್ಕೆ ಪಂಚತಂತ್ರವನ್ನು ತಂದವನು ದುರ್ಗಸಿಂಹ. ಪಶ್ಚಿಮ ಚಾಲುಕ್ಯ ದೊರೆ ಎರಡನೆಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಅವನು 1031ರಲ್ಲಿ ತನ್ನ ಚಂಪೂಕೃತಿಯನ್ನು ಮುಗಿಸಿದನು. ಆ ವಂಶದ ಅರಸರು ಮುಂದೆ ರಾಜಧಾನಿಯಾಗಿ ಮಾಡಿಕೊಂಡ ಕಲ್ಯಾಣ ನಮ್ಮ ಆಳಂದಕ್ಕೆ ನೆರೆಯ ಸೀಮೆ. ದುರ್ಗಸಿಂಹನಲ್ಲಿ ಬೋಧಕರು ಗಮನಿಸಬೇಕಾದ ಒಂದು ಗುಣವಿದೆ. ಕಥೆಗಳು ತನ್ನವೆಂದು ಅವನು ಹೇಳಿಕೊಳ್ಳುವುದಿಲ್ಲ. ಗುಣಾಢ್ಯನ ಬೃಹತ್ಕಥೆಯನ್ನು ಸ್ಮರಿಸಿ, ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಅನುಸರಿಸಿದ್ದೇನೆಂದು ತಿಳಿಸಿ, ಆಮೇಲೆ ಕಥೆಗೆ ತೊಡಗುತ್ತಾನೆ. ಅವನ ಗ್ರಂಥದ ಐದು ಭಾಗಗಳಲ್ಲಿ ಒಂದರ ಹೆಸರೇ ‘ಪರೀಕ್ಷೆ’.

ಪಂಚತಂತ್ರ ಪಶ್ಚಿಮಕ್ಕೆ ಹೋದ ದಾರಿ ಸುಪರಿಚಿತವಾದುದು. ಆರನೆಯ ಶತಮಾನದಲ್ಲಿ ಪಾರಸಿಕ ದೊರೆ ಖುಸ್ರೋವಿನ ವೈದ್ಯ ಬುರ್ಜೋಯ್ ಅದನ್ನು ಪಹ್ಲವಿ ಭಾಷೆಗೆ ತಂದನು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ‘ಕಲೀಲ ವ ದಿಮ್ನ’ ಎಂಬ ಹೆಸರಿನಲ್ಲಿ ಅರಬ್ಬಿಗೆ ತಂದನು. ಅಲ್ಲಿಂದ ಹೀಬ್ರೂ, ಹದಿಮೂರನೆಯ ಶತಮಾನದಲ್ಲಿ ಕಾಪುವದ ಯೊವಾನ್ನನ ಕೈಯಲ್ಲಿ ಹೀಬ್ರೂವಿನಿಂದ ಲತೀನ್. ಇದರ ಜೊತೆಗೆ ‘ರೋಮಿನ ಏಳು ಜ್ಞಾನಿಗಳು’ ಎಂಬ ಕಥಾಮಾಲೆ ಇನ್ನೊಂದು ದಾರಿಯಿಂದ ಯೂರೋಪನ್ನು ತಲುಪಿತು. ಮುಂಗುಸಿಯ ಪರಿಚಯವೇ ಇಲ್ಲದ ಆ ನಾಡಿನಲ್ಲಿ ಅದರ ಸ್ಥಾನವನ್ನು ನಾಯಿ ತುಂಬಿತು. ಅದೇ ಕಾಲದಲ್ಲಿ ಬೋಧಕ ಗುರುಗಳು ಪ್ರಬೋಧನೆಗೆಂದು ದೃಷ್ಟಾಂತಗಳ ಸಂಗ್ರಹಗಳನ್ನು ಸಿದ್ಧಪಡಿಸುತ್ತಿದ್ದರು. 1240ರಲ್ಲಿ ತೀರಿಕೊಂಡ ಕಾರ್ಡಿನಲ್ ಜಾಕ್ ದ ವಿತ್ರಿ ತನ್ನ ಬೋಧನೆಗಳಲ್ಲಿ ಹಾಲಿನ ಗಡಿಗೆ ಹೊತ್ತು ಸಂತೆಗೆ ಹೋಗುತ್ತ ಮನೋರಾಜ್ಯ ಕಟ್ಟುವ ಮುದುಕಿಯ ಕಥೆಯನ್ನು ಹೇಳುತ್ತಾನೆ. ಹಿಟ್ಟಿನ ಮಡಕೆಯನ್ನು ಒದ್ದು ಒಡೆದ ನಮ್ಮ ಪಂಚತಂತ್ರದ ಬ್ರಾಹ್ಮಣನೇ ಅವಳ ಹಿರಿಯ. ಹೀಗೆ ಧರ್ಮಸಭೆಯ ಬೋಧನಾಪೀಠವು ಶತಮಾನಗಳ ಕಾಲ, ತನಗೆ ಅರಿವಿಲ್ಲದೆಯೇ, ಭಾರತದ ಕಥೆಗಳನ್ನು ಹೇಳಿತು.

ಅರಿತು ಹೇಳಿದವರೂ ಇದ್ದಾರೆ. ಮೈಸೂರು ಸೀಮೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಸ್ವದೇಶಕ್ಕೆ ಮರಳಿದ ಮೇಲೆ 1826ರಲ್ಲಿ ಪ್ಯಾರಿಸ್ಸಿನಲ್ಲಿ ಪಂಚತಂತ್ರದ ಫ್ರೆಂಚ್ ಅನುವಾದವನ್ನು ಪ್ರಕಟಿಸಿದನು. ತಮಿಳು, ತೆಲುಗು, ಕನ್ನಡ ಈ ಮೂರು ಭಾಷೆಗಳ ಪ್ರತಿಗಳಿಂದ ಕಥೆಗಳನ್ನು ಆರಿಸಿದ್ದಾಗಿ ಅವನು ತಿಳಿಸಿದ್ದಾನೆ. ನಮ್ಮ ಸಮಾಜವನ್ನು ಕುರಿತ ಅವನ ಅನೇಕ ತೀರ್ಪುಗಳನ್ನು ನಾವು ಇಂದು ಒಪ್ಪಲಾರೆವು. ಆದರೆ ಕಥೆ ಯಾರದೆಂಬುದನ್ನು ಅವನು ಮುಚ್ಚಿಡಲಿಲ್ಲ.

ಎರಡನೆಯ ವಾಚನ: ಗಿನೆಫೋರ್

ಮುಂಗುಸಿ ನಾಯಿಯಾದದ್ದರಿಂದ ಯಾರಿಗೂ ಹಾನಿಯಿಲ್ಲ. ಕಥೆಯು ‘ನಡೆದದ್ದು’ ಆದಾಗ ಏನಾಯಿತೆಂಬುದು ಬೇರೆ ಸಂಗತಿ.

ಹದಿಮೂರನೆಯ ಶತಮಾನದ ನಡುಭಾಗದಲ್ಲಿ ಬೂರ್ಬೊನ್ನಿನ ಸ್ತೆಫಾನ ಎಂಬ ದೊಮಿನಿಕನ್ ಗುರು ಫ್ರಾನ್ಸಿನ ಲಿಯೊನ್ ಧರ್ಮಪ್ರಾಂತ್ಯದಲ್ಲಿ ಮಾಟಮಂತ್ರಗಳ ವಿರುದ್ಧ ಬೋಧಿಸುತ್ತ, ಪಾಪನಿವೇದನೆಗಳನ್ನು ಆಲಿಸುತ್ತ ಸಂಚರಿಸುತ್ತಿದ್ದನು. ಮಕ್ಕಳನ್ನು ಸಂತ ಗಿನೆಫೋರನ ಬಳಿಗೆ ಕೊಂಡೊಯ್ದಿದ್ದಾಗಿ ಅನೇಕ ತಾಯಂದಿರು ನಿವೇದಿಸಿದರು. ಯಾರೋ ಒಬ್ಬ ಸಂತನಿರಬೇಕೆಂದು ಅವನು ಮೊದಲು ಭಾವಿಸಿದನು. ವಿಚಾರಿಸಿದಾಗ ತಿಳಿದದ್ದು, ಗಿನೆಫೋರ್ ಒಂದು ಬೇಟೆನಾಯಿ. ಒಂದು ಕೋಟೆಮನೆಯ ಪ್ರಭು ತನ್ನ ಕೂಸನ್ನು ಹಾವಿನಿಂದ ಕಾಪಾಡಿದ ನಾಯಿಯನ್ನು ತಪ್ಪು ತಿಳಿದು ಕೊಂದನೆಂದೂ, ಅದರ ದೇಹವನ್ನು ಬಾಗಿಲ ಮುಂದಿನ ಬಾವಿಗೆ ಹಾಕಿ ಮೇಲೆ ಕಲ್ಲುಗಳನ್ನು ಒಟ್ಟಿ ಸುತ್ತ ಮರಗಳನ್ನು ನೆಟ್ಟನೆಂದೂ, ಕಾಲಕ್ರಮದಲ್ಲಿ ಆ ಮನೆ ಹಾಳುಬಿದ್ದಿತೆಂದೂ ಜನರು ಹೇಳಿದರು. ನಿರಪರಾಧಿಯಾಗಿ ಸತ್ತ ನಾಯಿಯನ್ನು ರಕ್ತಸಾಕ್ಷಿಯೆಂದು ಗೌರವಿಸುತ್ತ ರೈತರು ಆ ತೋಪಿಗೆ ಹರಕೆ ಹೊತ್ತು ಬರುತ್ತಿದ್ದರು.

ಅಲ್ಲಿ ನಡೆಯುತ್ತಿದ್ದುದನ್ನು ಸ್ತೆಫಾನ ವಿವರವಾಗಿ ಬರೆದಿದ್ದಾನೆ. ಬಡಕಲಾದ, ರೋಗಿಷ್ಠ ಶಿಶುಗಳು ತಮ್ಮವಲ್ಲ, ಕಾಡಿನ ಭೂತಗಳು ಬದಲಿಸಿಟ್ಟವು ಎಂಬ ನಂಬಿಕೆ ಅಲ್ಲಿತ್ತು. ತಾಯಂದಿರು ಕೂಸನ್ನು ಬೆತ್ತಲೆಯಾಗಿ ಮರದ ಬುಡದಲ್ಲಿ ಮಲಗಿಸಿ, ಪಕ್ಕದಲ್ಲಿ ಮೇಣದ ಬತ್ತಿಗಳನ್ನು ಹಚ್ಚಿಟ್ಟು, ಅವು ಉರಿದು ಮುಗಿಯುವವರೆಗೆ ಮಗುವಿನ ಅಳು ಕೇಳಿಸದಷ್ಟು ದೂರ ಹೋಗಿರಬೇಕಿತ್ತು. ಬೆಂಕಿ ತಗಲಿ ಸತ್ತ ಮಕ್ಕಳುಂಟೆಂದು ಅವನು ತಿಳಿಸುತ್ತಾನೆ. ಉಳಿದ ಮಕ್ಕಳನ್ನು ಶಲರೋನ್ ಹೊಳೆಯಲ್ಲಿ ಒಂಬತ್ತು ಬಾರಿ ಮುಳುಗಿಸುತ್ತಿದ್ದರು. ಸ್ತೆಫಾನನು ಜನರನ್ನು ಸೇರಿಸಿ ಬೋಧಿಸಿ, ನಾಯಿಯ ಎಲುಬುಗಳನ್ನು ಅಗೆಸಿ ತೆಗೆಸಿ, ತೋಪನ್ನು ಕಡಿಸಿ ಎಲ್ಲವನ್ನೂ ಸುಡಿಸಿದನು. ಆದರೂ ತಾಯಂದಿರು ಹೋಗುವುದನ್ನು ಬಿಡಲಿಲ್ಲ. 19ನೆಯ ಶತಮಾನದಲ್ಲಿಯೂ ಆ ಕಾಡಿನ ಹೆಸರೂ ನಂಬಿಕೆಯೂ ಉಳಿದಿದ್ದುದನ್ನು ಸ್ಥಳೀಯ ವಿದ್ವಾಂಸರು ದಾಖಲಿಸಿದ್ದಾರೆ. ಇತಿಹಾಸಕಾರ ಜಾನ್ ಕ್ಲೋದ್ ಶ್ಮಿತ್ 1979ರಲ್ಲಿ ಇದನ್ನು ಕುರಿತೇ ಒಂದು ಗ್ರಂಥವನ್ನು ಬರೆದನು.

ನಾನು ಅಫಜಲಪುರದ ಹಳ್ಳಿಯಲ್ಲಿ ಹೇಳಿದ ‘ಫ್ರಾನ್ಸಿನ ಪ್ರಭು’ ಇವನೇ. ಪಂಚತಂತ್ರದ ಕಥೆಯೊಂದು ಖಂಡಗಳನ್ನು ದಾಟಿ, ಪ್ರಾಣಿಯನ್ನು ಬದಲಿಸಿಕೊಂಡು, ಒಂದು ಊರಿನಲ್ಲಿ ನೆಲೆನಿಂತು, ಸಂತನ ಹೆಸರು ಪಡೆದು, ಹರಕೆಯಾಗಿ, ಕೊನೆಗೆ ಶಿಶುಗಳ ಪ್ರಾಣಕ್ಕೆ ಎರವಾದ ವೃತ್ತಾಂತದ ಒಂದು ತುಣುಕನ್ನು ನಾನು ನೀತಿಕಥೆಯೆಂದು ಬಳಸಿದ್ದೆ. ಸ್ತೆಫಾನನು ಸ್ವತಃ ಬೋಧಕರಿಗಾಗಿ ಕಥೆಗಳನ್ನು ಸಂಗ್ರಹಿಸುತ್ತಿದ್ದವನು. ಗಿನೆಫೋರನ ವಿಷಯವೂ ನಮಗೆ ತಿಳಿದಿರುವುದು ಆ ಸಂಗ್ರಹದಿಂದಲೇ. ಕಥೆಗೆ ಎಷ್ಟು ಶಕ್ತಿಯಿದೆಯೆಂಬುದನ್ನು ಅವನಷ್ಟು ಹತ್ತಿರದಿಂದ ಕಂಡ ಬೋಧಕರು ವಿರಳ. ಆ ತಾಯಂದಿರನ್ನು ಮೂಢರೆಂದು ತಳ್ಳಿಹಾಕುವುದೂ ಸಲ್ಲದು. ಸಾಯುತ್ತಿರುವ ಕೂಸನ್ನು ಎತ್ತಿಕೊಂಡು ಎಲ್ಲಿಗಾದರೂ ಓಡುವ ತಾಯಿ ಎಲ್ಲ ಕಾಲದಲ್ಲಿಯೂ ಇದ್ದಾಳೆ. ಅವಳ ಕೈಗೆ ಯಾವ ಕಥೆಯನ್ನು, ಏನೆಂದು ಹೇಳಿ ಕೊಡುತ್ತೇವೆ ಎಂಬುದು ನಮ್ಮ ಹೊಣೆ.

ಮೂರನೆಯ ವಾಚನ: ಕಾಳಿ

ಮೂರನೆಯದು ನಮ್ಮದೇ ನಾಡಿನ ಇತಿಹಾಸ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನು 949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದನು. ಚೋಳ ರಾಜಾದಿತ್ಯನು ಆ ಕಾಳಗದಲ್ಲಿ ಮಡಿದನು. ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಎರಡನೆಯ ಬೂತುಗನ ಬಳಿ ಮಣಲೆರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ ಬೇಕಾದುದನ್ನು ಬೇಡೆಂದಾಗ, ಮಣಲೆರನು ಭೂಮಿಯನ್ನಾಗಲಿ ಪದವಿಯನ್ನಾಗಲಿ ಕೇಳದೆ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಒಂದು ಬೇಟೆಯಲ್ಲಿ ಕಾಳಿಗೂ ದೊಡ್ಡ ಹಂದಿಯೊಂದಕ್ಕೂ ಕಾದಾಟವಾಗಿ ಎರಡೂ ಸತ್ತವು. ಮಣಲೆರನು ಆತಕೂರಿನ ದೇವಾಲಯದ ಮುಂದೆ ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಕೆರೆಯ ಕೆಳಗಿನ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ನಾಯಿ ಹಂದಿಗಳ ಕಾದಾಟದ ಚಿತ್ರವನ್ನು ಕೆತ್ತಿರುವ ಆ ಶಿಲಾಶಾಸನ ಮಂಡ್ಯ ಜಿಲ್ಲೆಯ ಆತಕೂರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿದೆ.

ಇಲ್ಲಿಯೂ ಪೂಜೆಯ ಅಂಶವಿದೆ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಗಲುವುದೆಂದು ಶಾಸನ ಎಚ್ಚರಿಸುತ್ತದೆ. ಆದ್ದರಿಂದ ಗಿನೆಫೋರನಿಗೂ ಕಾಳಿಗೂ ಇರುವ ವ್ಯತ್ಯಾಸ, ಒಂದಕ್ಕೆ ಪೂಜೆಯಾಯಿತು ಮತ್ತೊಂದಕ್ಕೆ ಆಗಲಿಲ್ಲ ಎಂಬುದಲ್ಲ. ಆತಕೂರಿನ ಕಲ್ಲು ತಾನು ಹೇಳುವ ಮಾತಿಗೆ ಹೊಣೆಗಾರರನ್ನು ಹೆಸರಿಸುತ್ತದೆ. ಯಾವ ದೊರೆ, ಯಾವ ಯುದ್ಧ, ಯಾವ ಶಕವರ್ಷ, ಯಾರು ಕಲ್ಲು ನಿಲ್ಲಿಸಿದರು, ಎಷ್ಟು ಭೂಮಿ ಬಿಟ್ಟರು ಎಂಬುದೆಲ್ಲ ಅಲ್ಲಿದೆ. ಸುಳ್ಳಾಗಿದ್ದರೆ ಅಂದಿನವರು ಅಲ್ಲಗಳೆಯಬಹುದಾಗಿತ್ತು. ಇಂದಿನವರು ಬೇರೆ ಶಾಸನಗಳೊಡನೆ ಹೋಲಿಸಿ ನೋಡಬಹುದು. ಇತಿಹಾಸದ ಮಾತು ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳುತ್ತದೆ.

‘ಅಂತೆ’ ಎಂಬ ಪ್ರಾಮಾಣಿಕತೆ

ಏಳನೆಯ ಶತಮಾನದ ಸೆವಿಲ್ಲಿನ ಸಂತ ಇಸಿದೋರನು ಕಥನವನ್ನು ಮೂರಾಗಿ ವಿಂಗಡಿಸಿದ್ದಾನೆ: ನಡೆದ ಸಂಗತಿಯನ್ನು ಹೇಳುವುದು ಇತಿಹಾಸ, ನಡೆಯದಿದ್ದರೂ ನಡೆಯಬಹುದಾದುದನ್ನು ಹೇಳುವುದು ಕಲ್ಪಿತ ವೃತ್ತಾಂತ, ನಡೆಯದ ಮತ್ತು ನಡೆಯಲಾರದ ಸಂಗತಿಯನ್ನು ಹೇಳುವುದು ಕಟ್ಟುಕಥೆ. ಗುರುಮಠದಲ್ಲಿ ಇದನ್ನು ಕಲಿಸುತ್ತೇವೆ. ಆದರೆ ಹಳ್ಳಿಯ ಆ ತಾಯಿಗೆ ಇಸಿದೋರನ ಅಗತ್ಯವಿರಲಿಲ್ಲ. ಕನ್ನಡದ ವ್ಯಾಕರಣವೇ ಅವರಿಗೆ ಅದನ್ನು ಕಲಿಸಿತ್ತು.

ಕನ್ನಡದಲ್ಲಿ ‘ರಾಜನಿದ್ದನು’ ಎಂದರೆ ಹೇಳುವವನು ಆ ಮಾತಿಗೆ ಹೊಣೆಯಾಗುತ್ತಾನೆ. ‘ರಾಜನಿದ್ದನಂತೆ’ ಎಂದರೆ, ನಾನು ಕೇಳಿದ್ದನ್ನು ಹೇಳುತ್ತಿದ್ದೇನೆ, ಕಂಡವನಲ್ಲ, ಎಂಬ ತಿಳುವಳಿಕೆ ಒಂದೇ ಪ್ರತ್ಯಯದಲ್ಲಿ ಸೇರಿಕೊಳ್ಳುತ್ತದೆ. ಅದು ಕಥೆಯನ್ನು ಸುಳ್ಳೆಂದು ಸಾರುವುದಿಲ್ಲ. ಕಥೆಯ ರುಚಿಯನ್ನೂ ಕೆಡಿಸುವುದಿಲ್ಲ. ಅಜ್ಜಿಯರು ಸಾವಿರ ಸಲ ‘ಅಂತೆ’ ಹೇಳಿದರೂ ಮಕ್ಕಳು ಹಾವಿನ ಕಥೆಗೆ ಹೆದರಿದ್ದಾರೆ, ಮುಂಗುಸಿಗಾಗಿ ಅತ್ತಿದ್ದಾರೆ. ಪ್ರಬೋಧನೆಗೆ ತೂಕ ಬರಲೆಂದು ನಾನು ಆ ‘ಅಂತೆ’ಯನ್ನು ತೆಗೆದುಹಾಕಿದ್ದೆ. ತೂಕ ಬರಲಿಲ್ಲ, ಅದಕ್ಕೆ ಬದಲಾಗಿ ಒಬ್ಬ ಹುಡುಗನ ಮನಸ್ಸಿನಲ್ಲಿ ಪುನರುತ್ಥಾನದ ಸಾಕ್ಷ್ಯವೂ ಮುಂಗುಸಿಯ ಕಥೆಯೂ ಒಂದೇ ತಕ್ಕಡಿಗೆ ಬಂದವು.

ಧರ್ಮಸಭೆಯು ಏನನ್ನು ಓದಿತು

ಈ ಎಚ್ಚರ ಧರ್ಮಸಭೆಗೆ ಹೊಸದಲ್ಲ. ಆಫ್ರಿಕದ ಧರ್ಮಾಧ್ಯಕ್ಷರು 393ರಲ್ಲಿ ಹಿಪ್ಪೋದಲ್ಲಿಯೂ 397ರಲ್ಲಿ ಕಾರ್ಥೇಜಿನಲ್ಲಿಯೂ ಸೇರಿ ಪವಿತ್ರ ಗ್ರಂಥಗಳ ಪಟ್ಟಿಯನ್ನು ನಿಗದಿಪಡಿಸಿದಾಗ, ರಕ್ತಸಾಕ್ಷಿಗಳ ವಾರ್ಷಿಕ ದಿನಗಳಲ್ಲಿ ಅವರ ಯಾತನೆಯ ವೃತ್ತಾಂತಗಳನ್ನೂ ಓದಬಹುದೆಂದು ಅನುಮತಿಸಿದರು. ರೋಮ್ ಇನ್ನೂ ಬಿಗಿಯಾಗಿತ್ತು. ಪೋಪ್ ಗೆಲಾಸಿಯುಸರ ಹೆಸರಿನಲ್ಲಿ ಬಂದಿರುವ, ಆರನೆಯ ಶತಮಾನದ ಆಜ್ಞಾಪತ್ರವು, ಬರೆದವರ ಹೆಸರೇ ತಿಳಿಯದ ರಕ್ತಸಾಕ್ಷಿಗಳ ವೃತ್ತಾಂತಗಳನ್ನು ರೋಮಿನ ಧರ್ಮಸಭೆಯಲ್ಲಿ ಓದುವ ಪದ್ಧತಿಯಿಲ್ಲವೆಂದು ಹೇಳುತ್ತದೆ. ಸಂತರನ್ನು ಗೌರವಿಸುತ್ತೇವೆ, ಅವರ ಹೆಸರಿನ ಕಥೆಗಳಿಗೆಲ್ಲ ಹೊಣೆಯಾಗುವುದಿಲ್ಲ ಎಂಬುದು ಅದರ ಧೋರಣೆ.

ಮಧ್ಯಯುಗದಲ್ಲಿ ಈ ಬಿಗಿ ಸಡಿಲಿತು. ‘ಲೆಜೆಂದ’ ಎಂಬ ಲತೀನ್ ಪದಕ್ಕೆ ಮೂಲದಲ್ಲಿ ‘ಓದಬೇಕಾದವು’ ಎಂದಷ್ಟೇ ಅರ್ಥ. ಸಂತನ ಹಬ್ಬದಂದು ಮಠದಲ್ಲಿ ಓದಬೇಕಾದ ಭಾಗವೇ ಲೆಜೆಂದ. ದೊಮಿನಿಕನ್ ಗುರು ವೊರಾಜಿನೆಯ ಜಾಕೋಬನು ಹದಿಮೂರನೆಯ ಶತಮಾನದಲ್ಲಿ ಸಂಕಲಿಸಿದ ಸಂತಚರಿತ್ರೆಗಳು ‘ಸುವರ್ಣ ಲೆಜೆಂದ’ ಎಂದು ಖ್ಯಾತವಾಗಿ ಯೂರೋಪಿನಾದ್ಯಂತ ಬೋಧಕರ ಕೈಸೇರಿದವು. ‘ಓದಬೇಕಾದುದು’ ಎಂಬ ಪದವೇ ಕ್ರಮೇಣ ‘ನಂಬಲಾಗದ ಕಥೆ’ ಎಂಬ ಅರ್ಥವನ್ನು ಪಡೆದುಕೊಂಡಿತು.

ಆ ಸಂಕಲನದಲ್ಲಿ ನಮ್ಮ ಭೀಮೆಗೂ ನಂಟಿರುವ ಒಂದು ಕಥೆಯಿದೆ. ಭಾರತದ ರಾಜಕುಮಾರ ಯೊಸಾಫತನು ಅರಮನೆಯೊಳಗೆ ದುಃಖದ ಅರಿವಿಲ್ಲದೆ ಬೆಳೆದು, ಹೊರಗೆ ಬಂದಾಗ ರೋಗವನ್ನೂ ಮುಪ್ಪನ್ನೂ ಕಂಡು ವಿರಕ್ತನಾಗಿ, ಸನ್ಯಾಸಿ ಬರ್ಲಾಮನಿಂದ ಕ್ರೈಸ್ತ ದೀಕ್ಷೆಯನ್ನು ಪಡೆದನೆಂಬುದು ಕಥೆ. ಇದು ಬುದ್ಧನ ಚರಿತ್ರೆಯೆಂಬುದನ್ನು ಯೂರೋಪಿನ ವಿದ್ವಾಂಸರು 19ನೆಯ ಶತಮಾನದಲ್ಲಿ ಸ್ಪಷ್ಟವಾಗಿ ತೋರಿಸಿದರು. ‘ಬೋಧಿಸತ್ತ್ವ’ ಎಂಬ ಪದವೇ ಪಾರಸಿಕ, ಅರಬ್ಬಿ, ಜಾರ್ಜಿಯ, ಗ್ರೀಕ್ ಭಾಷೆಗಳ ಮೂಲಕ ಸವೆದು ‘ಯೊಸಾಫತ್’ ಆಗಿತ್ತು. ಆ ಹೊತ್ತಿಗೆ ಬರ್ಲಾಮ ಯೊಸಾಫತರ ಹೆಸರುಗಳು ರೋಮಿನ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ನವೆಂಬರ್ 27ರ ಕೆಳಗೆ ಸೇರಿಹೋಗಿದ್ದವು. ಅಫಜಲಪುರವನ್ನು ದಾಟಿದ ಭೀಮೆ ಮುಂದೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹರಿಯುತ್ತದೆ. ಅಲ್ಲಿಗೆ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಬುದ್ಧನ ಬದುಕಿನ ಪ್ರಸಂಗಗಳನ್ನು ಕೆತ್ತಿದ ಚಪ್ಪಡಿಗಳು ಉತ್ಖನನದಲ್ಲಿ ದೊರೆತಿವೆ. ಲತೀನ್ ಬೋಧಕರು ಸಂತನ ಕಥೆಯೆಂದು ಓದಿದ ಚರಿತ್ರೆಯನ್ನು, ಅವರಿಗಿಂತ ಒಂದು ಸಾವಿರ ವರ್ಷಗಳಿಗೂ ಮೊದಲು, ನಮ್ಮ ನದಿಯ ದಡದ ಶಿಲ್ಪಿಗಳು ಅದರ ನಿಜವಾದ ನಾಯಕನ ಹೆಸರಿನಲ್ಲಿ ಕಲ್ಲಿಗೆ ಇಳಿಸಿದ್ದರು.

ಇಂಥ ಸಂಗತಿಗಳಿಂದ ನೊಂದವರು ಧರ್ಮಸಭೆಯ ಒಳಗೇ ಇದ್ದರು. 1563ರಲ್ಲಿ ಪ್ರಕಟವಾದ ತನ್ನ ದೈವಶಾಸ್ತ್ರ ಗ್ರಂಥದಲ್ಲಿ ದೊಮಿನಿಕನ್ ಮೆಲ್ಕಿಯೋರ್ ಕಾನೋ, ಅನ್ಯಧರ್ಮೀಯ ದಿಯೊಗೆನಿಸನು ತತ್ತ್ವಜ್ಞಾನಿಗಳ ಚರಿತ್ರೆಯನ್ನು ಬರೆಯುವಾಗ ತೋರಿದ ನಿಷ್ಠುರತೆಯನ್ನು ಕ್ರೈಸ್ತರು ಸಂತರ ಚರಿತ್ರೆಯಲ್ಲಿ ತೋರಲಿಲ್ಲವೆಂದು ದುಃಖದಿಂದ ಬರೆದನು. 1643ರಲ್ಲಿ ಜೆಸುಯಿಟ್ ಗುರು ಯೊವಾನ್ ಬೊಲ್ಲಾನ್ದನು ‘ಸಂತರ ಕೃತ್ಯಗಳು’ ಮಾಲೆಯ ಮೊದಲ ಸಂಪುಟಗಳನ್ನು ಹೊರತಂದನು. ಪ್ರತಿಯೊಂದು ವೃತ್ತಾಂತದ ಹಸ್ತಪ್ರತಿಗಳನ್ನು ಹೋಲಿಸಿ ಪರಿಶೀಲಿಸುವ ಆ ಕೆಲಸವನ್ನು ಅವನ ಉತ್ತರಾಧಿಕಾರಿಗಳು ಇಂದಿಗೂ ಬಿಟ್ಟಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನದ 92ನೆಯ ಪರಿಚ್ಛೇದದಲ್ಲಿ, ರಕ್ತಸಾಕ್ಷಿಗಳ ಹಾಗೂ ಸಂತರ ವಾಚನಗಳನ್ನು ಇತಿಹಾಸದ ಸತ್ಯಕ್ಕೆ ಹೊಂದಿಸಬೇಕೆಂದು ವಿಧಿಸಿತು. ನಮ್ಮ ಯಾಮಪ್ರಾರ್ಥನೆಯ ಇಂದಿನ ವಾಚನಗಳು ಆ ವಿಧಿಯ ಫಲ. ಪ್ರಾರ್ಥನೆಯಲ್ಲಿ ಪಾಲಿಸುವ ಈ ನಿಯಮವನ್ನು ನಮ್ಮ ಪ್ರಬೋಧನೆಯಲ್ಲಿ ನಾವು ಪಾಲಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಹುಡುಗನಿಗೆ ಉತ್ತರ

ಯೇಸುಸ್ವಾಮಿ ತಾವೇ ಕಥೆಗಳನ್ನು ಹೇಳಿದರು. ಇಬ್ಬರು ಮಕ್ಕಳ ತಂದೆಗೆ ಅವರು ಹೆಸರಿಡಲಿಲ್ಲ, ಊರನ್ನೂ ಹೇಳಲಿಲ್ಲ. ಅದು ಸಾಮತಿಯೆಂಬುದು ಕೇಳುವವರಿಗೆ ಗೊತ್ತಿತ್ತು. ಪ್ರವಾದಿ ನಾತಾನನು ಬಡವನ ಕುರಿಮರಿಯ ಕಥೆಯನ್ನು ಹೇಳಿದಾಗ ದಾವೀದನು ಅದನ್ನು ನಿಜವಾದ ಮೊಕದ್ದಮೆಯೆಂದು ಭಾವಿಸಿ ತೀರ್ಪು ಕೊಟ್ಟನು. ಆದರೆ ನಾತಾನನು ಅವನನ್ನು ಆ ಭ್ರಮೆಯಲ್ಲಿ ಬಿಡಲಿಲ್ಲ, ಆ ಕ್ಷಣವೇ ಕಥೆಯ ಮುಸುಕನ್ನು ಸರಿಸಿ ದಾವೀದನ ಪಾಪವನ್ನೇ ತೋರಿಸಿದನು. ಧರ್ಮಗ್ರಂಥದಲ್ಲಿ ಕಾವ್ಯವಿದೆ, ಗಾದೆಯಿದೆ, ಸಾಮತಿಯಿದೆ, ಇತಿಹಾಸವಿದೆ. ಸತ್ಯವು ಬೇರೆ ಬೇರೆ ಪ್ರಕಾರಗಳಲ್ಲಿ ಬೇರೆ ಬೇರೆ ರೀತಿಯಿಂದ ಪ್ರಕಟವಾಗುತ್ತದೆಂದು 1965ರ ದೈವಪ್ರಕಟಣೆಯ ಸಂವಿಧಾನ ಕಲಿಸುತ್ತದೆ.

ಪುನರುತ್ಥಾನದ ಸಾಕ್ಷ್ಯ ಬಂದಿರುವುದು ಸಾಮತಿಯ ದನಿಯಲ್ಲಲ್ಲ. ಶಿಲುಬೆಯ ನಂತರ ಇಪ್ಪತ್ತೈದು ವರ್ಷಗಳ ಆಸುಪಾಸಿನಲ್ಲಿ ಕೊರಿಂಥದವರಿಗೆ ಬರೆಯುತ್ತ ಪ್ರೇಷಿತ ಪೌಲನು ಕೇಫನನ್ನು, ಯಕೋಬನನ್ನು ಹೆಸರಿಸುತ್ತಾನೆ. ಐನೂರಕ್ಕಿಂತ ಹೆಚ್ಚು ಸೋದರರು ಕಂಡರೆಂದೂ ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದೂ ತಿಳಿಸುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂಬ ಧೈರ್ಯ ಆ ಮಾತಿನಲ್ಲಿದೆ. ಲೂಕನು ಕಣ್ಣಾರೆ ಕಂಡವರಿಂದ ವಿಚಾರಿಸಿ ಬರೆಯುತ್ತಿದ್ದೇನೆಂದು ಆರಂಭಿಸಿ, ತಿಬೇರಿಯ ಚಕ್ರವರ್ತಿಯ ಆಳ್ವಿಕೆಯ ವರ್ಷವನ್ನು ನಮೂದಿಸುತ್ತಾನೆ. ಪ್ರತಿ ಭಾನುವಾರ ನಾವು ಘೋಷಿಸುವ ವಿಶ್ವಾಸ ಪ್ರಮಾಣದಲ್ಲಿ ಪೊಂತಿಯ ಪಿಲಾತನ ಹೆಸರು ಉಳಿದುಕೊಂಡಿರುವುದೂ ಇದಕ್ಕಾಗಿಯೇ. ಆತಕೂರಿನ ಕಲ್ಲಿನ ಮೇಲೆ ದೊರೆಯ ಹೆಸರು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ವಿಶ್ವಾಸವನ್ನು ಇತಿಹಾಸದ ಸಾಬೀತಿನಿಂದ ಹುಟ್ಟಿಸಲಾಗದು. ಅದು ದೇವರ ವರ. ಆದರೆ ಪ್ರೇಷಿತರು ‘ಎದ್ದನಂತೆ’ ಎಂದು ಸಾರಲಿಲ್ಲ. ‘ಎದ್ದನು, ನಾವು ಸಾಕ್ಷಿಗಳು’ ಎಂದು ಹೊಣೆ ಹೊತ್ತು ಸಾರಿದರು. ಆ ಹೊಣೆಗಾಗಿ ಪ್ರಾಣವನ್ನೂ ಕೊಟ್ಟರು. ಬೋಧಕನು ಎಲ್ಲ ಕಥೆಗಳಿಗೂ ಅದೇ ಕ್ರಿಯಾಪದವನ್ನು ಬಳಸಿದರೆ ಪ್ರೇಷಿತರ ಆ ಒಂದು ಕ್ರಿಯಾಪದಕ್ಕಿರುವ ಬೆಲೆಯನ್ನು ಅವನೇ ಇಳಿಸಿದಂತಾಗುತ್ತದೆ.

ಇನ್ನೊಂದು ಮಾತು. ನಾವು ಸೇವೆ ಸಲ್ಲಿಸುವ ಈ ಸೀಮೆ ಕಥೆಗಳಿಂದ ತುಂಬಿದೆ. ಅಫಜಲಪುರ ತಾಲ್ಲೂಕಿನಲ್ಲೇ, ಭೀಮಾ ಅಮರಜಾ ಸಂಗಮದ ಗಾಣಗಾಪುರದಲ್ಲಿ, ನೃಸಿಂಹ ಸರಸ್ವತಿಯವರ ಮಹಿಮೆಗಳನ್ನು ಹೇಳುವ ಮರಾಠಿಯ ‘ಗುರುಚರಿತ್ರೆ’ಯ ಪಾರಾಯಣ ನಡೆಯುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ನೆರೆಹೊರೆಯವರ ಸಂತರ ಕಥೆಗಳನ್ನು ಕಟ್ಟುಕಥೆಯೆಂದು ಅಲ್ಲಗಳೆದು, ನಮ್ಮ ಸಂತರ ಕಥೆಗಳನ್ನೆಲ್ಲ ಇತಿಹಾಸವೆಂದು ಹೇಳುವ ಬೋಧಕನು ಎರಡು ತೂಕದ ಬಟ್ಟುಗಳನ್ನು ಇಟ್ಟುಕೊಂಡಿದ್ದಾನೆ. ಜ್ಞಾನೋಕ್ತಿ ಗ್ರಂಥ ಅಂಥ ಬಟ್ಟುಗಳನ್ನು ಖಂಡಿಸುತ್ತದೆ. ಸಂತ ಜಾರ್ಜರ ಘಟಸರ್ಪಕ್ಕೂ ಒಂದು ‘ಅಂತೆ’ ಸಲ್ಲಬೇಕು. ಹಾಗೆ ಸಲ್ಲಿಸುವುದರಿಂದ ರಕ್ತಸಾಕ್ಷಿಗೆ ಅಗೌರವವಾಗುವುದಿಲ್ಲ.

ಗುರುಮಠದ ಸೋದರರಿಗೆ ಪ್ರಬೋಧನೆಯ ತರಗತಿಯಲ್ಲಿ ನಾನು ಈಗ ಮೂರು ಅಭ್ಯಾಸಗಳನ್ನು ಹೇಳಿಕೊಡುತ್ತೇನೆ. ಕಿರುಗಥೆಯನ್ನು ಬಳಸುವ ಮುನ್ನ ಅದು ಎಲ್ಲಿಂದ ಬಂದಿತೆಂದು ಹುಡುಕಿ. ದುರ್ಗಸಿಂಹನಂತೆ ಮೂಲವನ್ನು ಹೆಸರಿಸಿ. ನಡೆದುದಕ್ಕೆ ‘ಇದ್ದನು’, ಕೇಳಿದ್ದಕ್ಕೆ ‘ಇದ್ದನಂತೆ’ ಎಂಬುದನ್ನು ಎಂದೂ ಬೆರೆಸಬೇಡಿ. ನಿಮ್ಮ ಕೇಳುಗರಲ್ಲಿ ಆ ಕಥೆಯನ್ನು ನಿಮಗಿಂತ ಚೆನ್ನಾಗಿ ಬಲ್ಲ ಒಬ್ಬ ಅಜ್ಜಿ ಕುಳಿತಿದ್ದಾಳೆಂದು ತಿಳಿದೇ ಬಾಯಿ ತೆರೆಯಿರಿ.

ಮುಂದಿನ ತಿಂಗಳು ಅದೇ ಹಳ್ಳಿಗೆ ಹೋದಾಗ ಪ್ರಬೋಧನೆಯ ಆರಂಭದಲ್ಲಿಯೇ ನನ್ನ ತಪ್ಪನ್ನು ಒಪ್ಪಿಕೊಂಡು, ಮುಂಗುಸಿಯ ಕಥೆ ನಾಯಿಯ ಕಥೆಯಾದ ವೃತ್ತಾಂತವನ್ನು ತಿಳಿಸಿದೆ. ಆಮೇಲೆ ಪೌಲನ ಪತ್ರದ ಆ ಭಾಗವನ್ನು ಓದಿದೆ. ಹುಡುಗನು ಕೊನೆಯ ಸಾಲಿನಲ್ಲಿ ನಿಂತು ಕೇಳಿದನು. ಪೂಜೆಯ ನಂತರ ಆ ಪತ್ರ ಎಷ್ಟನೆಯ ಅಧ್ಯಾಯವೆಂದು ವಿಚಾರಿಸಿ ಬರೆದುಕೊಂಡನು. ಅವನ ಅಜ್ಜಿ ನನ್ನನ್ನು ಮನೆಗೆ ಕರೆದು ಜೋಳದ ರೊಟ್ಟಿ ಬಡಿಸಿ, ತನ್ನ ತಾಯಿ ಹೇಳುತ್ತಿದ್ದ ರೀತಿಯಲ್ಲಿ ಮುಂಗುಸಿಯ ಕಥೆಯನ್ನು ಮೊದಲಿನಿಂದ ಹೇಳಿದರು. ಒಂದು ಸಲವೂ ಅವರು ‘ಅಂತ’ವನ್ನು ಬಿಡಲಿಲ್ಲ.